ಕ್ವಾರ್ಟರ್ ಬಾಟಲಿ ಮತ್ತು ರಾತ್ರಿ ಮೂರು ಗಂಟೆ: ‘ವೆಟ್‌ಚೇಂಜ್’ ಆ್ಯಪನ್ನು ನಾಲ್ಕು ತಿಂಗಳು ಬಳಸಿದ ಮೇಲೆ

ನಮ್ಮ ಭಾವ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪಿನಲ್ಲಿ ಹದಿನೇಳು ವರ್ಷ ದುಡಿದು ಹವಾಲ್ದಾರರಾಗಿ ನಿವೃತ್ತರಾದವರು. 2001ರ ಡಿಸೆಂಬರಿನಲ್ಲಿ ಸಂಸತ್ ಭವನದ ಮೇಲೆ ದಾಳಿಯಾದ ಬಳಿಕ ಆರಂಭವಾದ ‘ಆಪರೇಷನ್ ಪರಾಕ್ರಮ್’ನಲ್ಲಿ ಅವರ ತುಕಡಿಗೆ ಒದಗಿದ ಕೆಲಸ, ಪಶ್ಚಿಮ ಗಡಿಯ ಹೊಲಗಳಲ್ಲಿ ನೆಲಬಾಂಬುಗಳನ್ನು ಹೂಳುವುದು ಮತ್ತು ಮುಂದೆ ಅವನ್ನೇ ಒಂದೊಂದಾಗಿ ಹುಡುಕಿ ತೆಗೆಯುವುದು. ಯುದ್ಧ ನಡೆಯಲೇ ಇಲ್ಲ. ಆದರೂ ಆ ಬಾಂಬುಗಳಿಂದ ಸತ್ತವರು, ಕಾಲು ಕಳೆದುಕೊಂಡವರು ಕಡಿಮೆಯೇನಲ್ಲ. ಅಂಥ ಒಬ್ಬರನ್ನು ಭಾವ ಕೈಯಾರೆ ಎತ್ತಿ ತಂದಿದ್ದರು. ಈ ಸಂಗತಿ ನನಗೆ ತಿಳಿದದ್ದು ಅವರು ಊರಿಗೆ ಬಂದ ಹತ್ತು ವರ್ಷದ ನಂತರ. ಅವರು ಪ್ರತಿ ಸಂಜೆ ಕುಡಿಯುತ್ತಾರೆ ಎಂಬುದು ಮಾತ್ರ ಊರಿಗೆಲ್ಲ ಮೊದಲ ವರ್ಷವೇ ತಿಳಿದಿತ್ತು. ಭಾವನವರ ಒಪ್ಪಿಗೆ ಪಡೆದು, ಅವರ ಹೆಸರನ್ನೂ ಊರನ್ನೂ ಬಿಟ್ಟು ಇದನ್ನು ಬರೆಯುತ್ತಿದ್ದೇನೆ.

ನಾನು ತಾಲ್ಲೂಕು ಕೇಂದ್ರವೊಂದರಲ್ಲಿ ಔಷಧದ ಅಂಗಡಿ ಇಟ್ಟಿರುವವನು. ಕುಡಿತ ಬಿಡಿಸುವ ಮಾತ್ರೆ ಕೊಡಿ, ಗೊತ್ತಾಗದ ಹಾಗೆ ಸಾರಿಗೆ ಹಾಕುತ್ತೇನೆ ಎಂದು ಕೇಳುವ ಹೆಣ್ಣುಮಕ್ಕಳು ತಿಂಗಳಿಗೆ ನಾಲ್ಕೈದು ಮಂದಿಯಾದರೂ ಬರುತ್ತಾರೆ. ಅವರು ಕೇಳುವುದು ಡೈಸಲ್ಫಿರಾಮನ್ನು. ಅದು ಹೊಟ್ಟೆಯಲ್ಲಿರುವಾಗ ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯವಾಗಬಹುದು. ಕುಡಿಯುವವನ ಅರಿವಿಗೆ ಬಾರದಂತೆ ಕೊಡುವ ಔಷಧವೇ ಅದಲ್ಲ. ನನ್ನ ಅಕ್ಕನೂ ಒಮ್ಮೆ ಕೇಳಿದ್ದಳು; ಕೊಡಲಿಲ್ಲವೆಂದು ಎರಡು ವಾರ ನನ್ನೊಡನೆ ಮಾತು ಬಿಟ್ಟಿದ್ದಳು. ಕೊಡುವುದಿಲ್ಲ ಎಂದು ಹೇಳಿದವನು ಬೇರೆ ಏನನ್ನಾದರೂ ತೋರಿಸಬೇಕಾಗುತ್ತದಲ್ಲ, ಆ ಹುಡುಕಾಟದಲ್ಲಿ ಸಿಕ್ಕಿದ್ದು ಅಮೆರಿಕದ ಮಾಜಿ ಸೈನಿಕರ ಇಲಾಖೆಯ ‘ವೆಟ್‌ಚೇಂಜ್’ ಎಂಬ ಆ್ಯಪ್.

ಇದರ ವಿಶೇಷ ಇಷ್ಟೇ: ಕುಡಿತಕ್ಕೊಂದು, ಮನಸ್ಸಿನ ಆಘಾತಕ್ಕೊಂದು ಎಂದು ಬೇರೆ ಬೇರೆಯಾಗಿ ಮಾಡಿದ ಸಾಧನ ಇದಲ್ಲ, ಸೇನೆಯಿಂದ ಮರಳಿದವನಲ್ಲಿ ಎರಡೂ ಹಲವು ಬಾರಿ ಕೂಡಿಯೇ ಇರುತ್ತವೆ ಎಂಬ ತಿಳಿವಳಿಕೆಯಿಂದಲೇ ಇದನ್ನು ಕಟ್ಟಲಾಗಿದೆ. ಹಣ ಕೊಡಬೇಕಾಗಿಲ್ಲ, ಖಾತೆ ತೆರೆಯಬೇಕಾಗಿಲ್ಲ. ದಿನವೂ ಎಷ್ಟು ಕುಡಿದೆವೆಂದು ಬರೆದಿಡಲು, ಕಡಿಮೆ ಮಾಡಬೇಕೋ ಪೂರ್ತಿ ಬಿಡಬೇಕೋ ಎಂದು ಗುರಿ ಗೊತ್ತುಮಾಡಿಕೊಳ್ಳಲು, ಯಾವ ಹೊತ್ತು, ಯಾವ ಸಂಗತಿ ಕುಡಿತದ ಕಡೆಗೆ ಎಳೆಯುತ್ತದೆಂದು ಗುರುತಿಸಿ ಅದಕ್ಕೆ ಮುಂಚಿತವಾಗಿಯೇ ಯೋಜನೆ ಹಾಕಿಕೊಳ್ಳಲು, ತಲಬು ಎದ್ದಾಗ ಅದು ಇಳಿಯುವ ತನಕ ತಡೆದುಕೊಳ್ಳಲು, ಕೋಪ, ಕಳವಳ, ನಿದ್ರಾಹೀನತೆಗಳನ್ನು ಸಂಭಾಳಿಸಲು ಇದರಲ್ಲಿ ಅವಕಾಶಗಳಿವೆ. ಆ್ಯಪಿಗೆ ಮೊದಲು ಇದೇ ಹೆಸರಿನ ಜಾಲತಾಣವಿತ್ತು. ಇರಾಕ್ ಮತ್ತು ಅಫ್ಘಾನಿಸ್ತಾನಗಳಿಂದ ಮರಳಿದ 600 ಮಾಜಿ ಸೈನಿಕರ ಮೇಲೆ ನಡೆಸಿದ ಅದರ ಪರೀಕ್ಷೆಯ ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಬಳಸಿದವರಲ್ಲಿ ಕುಡಿತವೂ ಆಘಾತದ ಲಕ್ಷಣಗಳೂ ತಗ್ಗಿದ್ದವು. ನಡುವೆಯೇ ಬಿಟ್ಟುಹೋದವರೂ ಬಹಳ ಮಂದಿ ಇದ್ದರು ಎಂಬುದನ್ನು ಸೇರಿಸಿಯೇ ಆ ಫಲಿತಾಂಶವನ್ನು ಓದಬೇಕು.

ಆ್ಯಪಿನ ಗುಣದೋಷಗಳಿಗೆ ಹೋಗುವ ಮೊದಲು ಅದು ಯಾವ ಗಂಟನ್ನು ಬಿಡಿಸಲು ಹೊರಟಿದೆ ಎಂಬುದನ್ನು ಹೇಳಲೇಬೇಕು, ಏಕೆಂದರೆ ನಮ್ಮಲ್ಲಿ ಅದನ್ನು ಗಂಟೆಂದು ಒಪ್ಪುವವರೇ ಕಡಿಮೆ. ಪಿಟಿಎಸ್‌ಡಿ ಎಂದು ವೈದ್ಯರು ಕರೆಯುವ ಆಘಾತೋತ್ತರ ಒತ್ತಡದ ಕಾಯಿಲೆಗೆ ಅಮೆರಿಕದ ಮನೋವೈದ್ಯರ ರೋಗಪಟ್ಟಿಯಲ್ಲಿ ಆ ಹೆಸರು ಸಿಕ್ಕಿದ್ದು 1980ರಲ್ಲಿ. ನಡೆದದ್ದು ಕನಸಾಗಿ, ಎಚ್ಚರದಲ್ಲೇ ಕಣ್ಣಮುಂದಿನ ಚಿತ್ರವಾಗಿ ಮರಳುವುದು. ಅದನ್ನು ನೆನಪಿಸುವ ಎಲ್ಲವನ್ನೂ ದೂರವಿಡುವುದು. ಸಂತೋಷವೂ ನಂಟೂ ಮರಗಟ್ಟಿಹೋಗುವುದು. ಮೈ ಸದಾ ಕಾವಲಿನಲ್ಲಿದ್ದು ಸಣ್ಣ ಸದ್ದಿಗೂ ಬೆಚ್ಚುವುದು. ಈ ನಾಲ್ಕು ಬಗೆಯ ಲಕ್ಷಣಗಳಲ್ಲಿ ಪ್ರತಿಯೊಂದಕ್ಕೂ ಮದ್ಯ ಒಂದೆರಡು ಗಂಟೆಯ ಮಟ್ಟಿಗೆ ಉಪಶಮನ ಕೊಡುತ್ತದೆ, ಅದೇ ತೊಡಕು. ಅದು ಮೆದುಳಿನ ಓಟವನ್ನು ತಗ್ಗಿಸುವ ವ್ಯವಸ್ಥೆಗೆ ಬಲಕೊಟ್ಟು, ಕೆರಳಿಸುವ ವ್ಯವಸ್ಥೆಯನ್ನು ಅದುಮುತ್ತದೆ. ಮದ್ಯ ರಕ್ತದಿಂದ ಇಳಿಯುತ್ತಿದ್ದಂತೆ ಅದುಮಿದ್ದೆಲ್ಲ ಹಿಂದಿಗಿಂತ ಹೆಚ್ಚಾಗಿ ಪುಟಿಯುತ್ತದೆ. ಎದೆ ಹೊಡೆದುಕೊಳ್ಳುವುದು, ಬೆವರು, ಸಿಡುಕು, ಬೆಚ್ಚುವುದು ಕಾಯಿಲೆಯ ಲಕ್ಷಣವೋ ಕುಡಿತ ಇಳಿದುದರ ಲಕ್ಷಣವೋ ಎಂದು ಆಗ ಬೇರ್ಪಡಿಸುವುದು ಸುಲಭವಲ್ಲ.

ನಿದ್ರೆಯ ವಿಷಯದಲ್ಲಿ ಇದು ಇನ್ನೂ ನಿಚ್ಚಳವಾಗಿದೆ. ಕುಡಿದು ಮಲಗಿದವನಿಗೆ ಬೇಗ ಜೋಂಪು ಹತ್ತುತ್ತದೆ, ರಾತ್ರಿಯ ಮೊದಲ ಅರ್ಧದಲ್ಲಿ ಕನಸಿನ ನಿದ್ರೆ ಅಡಗಿರುತ್ತದೆ. ಎರಡನೆಯ ಅರ್ಧದಲ್ಲಿ ಅಡಗಿದ್ದ ಕನಸುಗಳೆಲ್ಲ ಒಟ್ಟಿಗೆ ಏಳುತ್ತವೆ, ನಿದ್ರೆಯೂ ತುಂಡುತುಂಡಾಗುತ್ತದೆ. ಭಾವ ಇದನ್ನು ಯಾವ ಪುಸ್ತಕವನ್ನೂ ಓದದೆ ಹೇಳಿದ್ದರು: “ಕುಡೀದೆ ಮಲಗಿದ್ರೆ ನಿದ್ದೆ ಬರಲ್ಲ ಕಣಯ್ಯ, ಕುಡಿದು ಮಲಗಿದ್ರೆ ನಿದ್ದೆ ನಿಲ್ಲಲ್ಲ.” ಅವರಿಗೆ ಎಚ್ಚರವಾಗುತ್ತಿದ್ದುದು ರಾತ್ರಿ ಮೂರು ಗಂಟೆಯ ಆಸುಪಾಸಿಗೆ. ಬಳಿಕ ಅವರು ಜಗುಲಿಯ ಮೇಲೆ ಕುಳಿತು ಬೆಳಗು ಮಾಡುತ್ತಿದ್ದರು.

ಇಂಥವರು ಒಬ್ಬಿಬ್ಬರಲ್ಲ. 1995ರಲ್ಲಿ ಪ್ರಕಟವಾದ ಅಮೆರಿಕದ ರಾಷ್ಟ್ರೀಯ ಸಮೀಕ್ಷೆಯೊಂದರ ಪ್ರಕಾರ, ಜೀವನದಲ್ಲಿ ಎಂದಾದರೂ ಈ ಕಾಯಿಲೆಗೆ ಒಳಗಾದ ಗಂಡಸರಲ್ಲಿ ಶೇ. 51.9ರಷ್ಟು ಮಂದಿಗೆ ಕುಡಿತದ ಕಾಯಿಲೆಯೂ ಇತ್ತು. ಇಲ್ಲದ ಗಂಡಸರಲ್ಲಿ ಆ ಪ್ರಮಾಣ ಶೇ. 34.4. ಹೆಂಗಸರಲ್ಲಿ ಶೇ. 27.9 ಮತ್ತು ಶೇ. 13.5, ಎಂದರೆ ಎರಡು ಪಟ್ಟಿಗೂ ಮಿಗಿಲು. ಹಾಗಾಗಿ ಇದನ್ನು ಸೈನಿಕರ ಕಾಯಿಲೆ ಎಂದುಕೊಳ್ಳುವುದೂ ತಪ್ಪು. ಭೀಕರ ಅಪಘಾತ ಕಂಡ ಲಾರಿ ಚಾಲಕರಿಗೂ ಮನೆಯೊಳಗೇ ಹೊಡೆತ ತಿಂದ ಹೆಣ್ಣುಮಕ್ಕಳಿಗೂ ಇದು ಬರುತ್ತದೆ.

ಆ್ಯಪಿಗೆ ಮುಂಚೆ ಭಾವನವರನ್ನು ಖಾಸಗಿ ಮದ್ಯವ್ಯಸನ ಬಿಡಿಸುವ ಕೇಂದ್ರವೊಂದಕ್ಕೆ ಸೇರಿಸಿದ್ದೆವು. ಒಂದು ತಿಂಗಳು ಅಲ್ಲಿದ್ದರು, ಒಂದು ಹನಿಯನ್ನೂ ಮುಟ್ಟಲಿಲ್ಲ, ಮನೆಗೆ ಬಂದ ಒಂಬತ್ತನೆಯ ದಿನ ಮತ್ತೆ ಆರಂಭಿಸಿದರು. ಆ ಒಂದು ತಿಂಗಳಲ್ಲಿ ಅವರ ಸೇವೆಯ ಬಗ್ಗೆಯಾಗಲಿ ಕನಸುಗಳ ಬಗ್ಗೆಯಾಗಲಿ ಯಾರೂ ಒಂದು ಮಾತು ಕೇಳಿರಲಿಲ್ಲ. ಅಕ್ಕ ತಾನಾಗಿ ಹೇಳಹೋದಾಗ, ಮೊದಲು ಕುಡಿತ ನಿಲ್ಲಲಿ, ಅದೆಲ್ಲ ಆಮೇಲೆ ನೋಡೋಣ ಎಂದರಂತೆ. ಬಹುಕಾಲ ವೈದ್ಯರಲ್ಲೂ ಇದೇ ನಂಬಿಕೆಯಿತ್ತು: ಕುಡಿಯುತ್ತಿರುವವನೊಡನೆ ಆಘಾತದ ನೆನಪನ್ನು ಕೆದಕಿದರೆ ಅವನು ಇನ್ನಷ್ಟು ಕುಡಿಯುತ್ತಾನೆ ಎಂದು. 2013ರಲ್ಲಿ ಪ್ರಕಟವಾದ, 165 ಮಂದಿಯ ಮೇಲೆ ನಡೆಸಿದ ಅಮೆರಿಕದ ಪ್ರಯೋಗವೊಂದು ಈ ಅಂಜಿಕೆಯನ್ನು ಪರೀಕ್ಷೆಗೆ ಒಡ್ಡಿತು. ಎರಡೂ ಕಾಯಿಲೆಗಳಿದ್ದವರಲ್ಲಿ ಕೆಲವರಿಗೆ ತಲಬು ತಗ್ಗಿಸುವ ನಾಲ್‌ಟ್ರೆಕ್ಸೋನ್ ಮಾತ್ರೆ, ಕೆಲವರಿಗೆ ನೆನಪನ್ನು ಹಂತಹಂತವಾಗಿ ಎದುರಿಸುವ ಮಾತಿನ ಚಿಕಿತ್ಸೆ, ಕೆಲವರಿಗೆ ಎರಡನ್ನೂ ಕೊಟ್ಟು ನೋಡಿದರು. ಮಾತ್ರೆ ಕುಡಿತವನ್ನು ತಗ್ಗಿಸಿತು. ನೆನಪನ್ನು ಎದುರಿಸಿದ್ದರಿಂದ ಕುಡಿತವಾಗಲಿ ತಲಬಾಗಲಿ ಹೆಚ್ಚಲಿಲ್ಲ. ಕುಡಿತವಿದೆ ಎಂಬ ಕಾರಣಕ್ಕೆ ಆಘಾತದ ಚಿಕಿತ್ಸೆಯನ್ನು ತಡೆಹಿಡಿಯಬಾರದೆಂದು ಅಮೆರಿಕದ ಮಾಜಿ ಸೈನಿಕರ ಇಲಾಖೆಯ ಮಾರ್ಗಸೂಚಿಯೂ ಹೇಳುತ್ತದೆ. ವೆಟ್‌ಚೇಂಜ್ ಈ ಯೋಚನೆಯ ಕೂಸು, ಆದುದರಿಂದಲೇ ನನಗೆ ಅದು ಪ್ರಯತ್ನಿಸಿ ನೋಡಲು ತಕ್ಕದ್ದೆನಿಸಿತು.

ಆದರೆ ಆ್ಯಪನ್ನು ಇಳಿಸಿಕೊಂಡ ದಿನವೇ ಭಾವನವರು ಕುಡಿತ ಕಡಿಮೆ ಮಾಡಲು ನಾವು ಬಿಡಲಿಲ್ಲ. ವರ್ಷಗಟ್ಟಲೆ ದಿನವೂ ಕುಡಿದವನು ಹಠಾತ್ತನೆ ನಿಲ್ಲಿಸಿದರೆ ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡನೆಯ, ಮೂರನೆಯ ದಿನಕ್ಕೆ ಮೈ ನಡುಗಿ, ಇಲ್ಲದ್ದೆಲ್ಲ ಕಣ್ಣಿಗೆ ಕಂಡು, ಬಡಬಡಿಸುವ ಸ್ಥಿತಿಗೆ ಹೋಗಬಹುದು. ಚಿಕಿತ್ಸೆ ಸಿಗದಿದ್ದರೆ ಅದರಿಂದ ಸಾವೂ ಸಂಭವಿಸುತ್ತದೆ. ನಮ್ಮ ತಾಲ್ಲೂಕು ಆಸ್ಪತ್ರೆಗೆ ಮಂಗಳವಾರದ ಮನೋಚೈತನ್ಯ ಕ್ಲಿನಿಕ್ಕಿಗೆಂದು ಮನೋವೈದ್ಯರು ಬರುತ್ತಾರೆ. ಅವರು ಥಯಾಮಿನ್ ಎಂಬ ಬಿ1 ಜೀವಸತ್ವ ಕೊಟ್ಟು, ಕುಡಿತ ಇಳಿಸುವ ಕ್ರಮವನ್ನು ಬರೆದುಕೊಟ್ಟು, ಬಳಿಕ ಆಘಾತದ ಕಾಯಿಲೆಗೆ ಕೊಡುವ ಸೆರ್ಟ್ರಲೀನ್ ಮಾತ್ರೆ ಆರಂಭಿಸಿದರು. ಹಾಗಾಗಿ ನಾಲ್ಕು ತಿಂಗಳಲ್ಲಿ ಕಂಡ ಬದಲಾವಣೆಯಲ್ಲಿ ಆ್ಯಪಿನ ಪಾಲೆಷ್ಟು, ಮಾತ್ರೆಯ ಪಾಲೆಷ್ಟು, ವೈದ್ಯರು ಇಪ್ಪತ್ತು ನಿಮಿಷ ಕೂತು ಕೇಳಿದ್ದರ ಪಾಲೆಷ್ಟು ಎಂದು ಬಿಡಿಸಿ ಹೇಳಲು ನನಗೆ ಸಾಧ್ಯವಿಲ್ಲ.

ಈಗ ಆ್ಯಪಿನ ಬಳಕೆಗೆ ಬರುತ್ತೇನೆ. ನಮಗೆ ಎದುರಾದ ಮೊದಲ ತೊಡಕು ಭಾಷೆಯದಲ್ಲ, ಅಳತೆಯದು. ಅಮೆರಿಕದವರು ‘ಒಂದು ಡ್ರಿಂಕ್’ ಎಂದರೆ 14 ಗ್ರಾಂ ಶುದ್ಧ ಮದ್ಯಸಾರ. ನಮ್ಮಲ್ಲಿ ರಮ್ಮು, ವಿಸ್ಕಿಗಳು ಶೇ. 42.8ರ ಕಡುಪಿನವು. 30 ಮಿ.ಲೀ.ನ ಸಣ್ಣ ಪೆಗ್ಗಿನಲ್ಲಿ ಸುಮಾರು 10 ಗ್ರಾಂ, ನೈಂಟಿಯಲ್ಲಿ 30 ಗ್ರಾಂ, ಕ್ವಾರ್ಟರಿನಲ್ಲಿ, ಅಂದರೆ 180 ಮಿ.ಲೀ.ನಲ್ಲಿ, 60 ಗ್ರಾಮಿಗಿಂತ ತುಸು ಹೆಚ್ಚು ಮದ್ಯಸಾರವಿರುತ್ತದೆ. ಭಾವ ದಿನವೂ ಒಂದು ಕ್ವಾರ್ಟರನ್ನು ಮೂರು ದೊಡ್ಡ ಪೆಗ್ಗಾಗಿ ಕುಡಿಯುತ್ತಿದ್ದರು, ಆದ್ದರಿಂದ ಮೊದಲ ದಿನ ಆ್ಯಪಿನಲ್ಲಿ ಮೂರು ಎಂದೇ ನಮೂದಿಸಿದರು. ಗಂಡಸರಿಗೆ ದಿನಕ್ಕೆ ನಾಲ್ಕು ಡ್ರಿಂಕ್ ಮೀರಬಾರದು, ವಾರಕ್ಕೆ ಹದಿನಾಲ್ಕು ಮೀರಬಾರದು ಎಂಬುದು ಅಮೆರಿಕದ ಮದ್ಯಸಂಶೋಧನಾ ಸಂಸ್ಥೆ ಹಾಕಿಕೊಟ್ಟಿದ್ದ ಗೆರೆ. ಮೂರು ಎಂದಾಗ ಅವರು ದಿನದ ಗೆರೆಯೊಳಗೇ ಇದ್ದಂತಾಯಿತು. ಸರಿಯಾಗಿ ಎಣಿಸಿದರೆ ಅದು ನಾಲ್ಕೂಕಾಲನ್ನು ದಾಟುತ್ತದೆ, ವಾರಕ್ಕೆ ಮೂವತ್ತು. ಸ್ಟ್ರಾಂಗ್ ಬಿಯರಿನ 650 ಮಿ.ಲೀ. ಬಾಟಲಿಯನ್ನೂ ‘ಒಂದು’ ಎಂದು ಎಣಿಸುವವರಿದ್ದಾರೆ. ಅದು ಎರಡೂವರೆಯಿಂದ ಮೂರು ಡ್ರಿಂಕಿಗೆ ಸಮ. ಕ್ವಾರ್ಟರಿಗೆ ನಾಲ್ಕೂಕಾಲು, ನೈಂಟಿಗೆ ಎರಡಕ್ಕಿಂತ ಸ್ವಲ್ಪ ಮೇಲೆ ಎಂದು ಚೀಟಿಯಲ್ಲಿ ಬರೆದು ಫೋನಿನ ಕವರಿನ ಹಿಂದೆ ಅಂಟಿಸಿದೆ. ಈ ಚೀಟಿ ಇಲ್ಲದೆ ನಮ್ಮ ಕಡೆಯವರು ಈ ಆ್ಯಪನ್ನು ಬಳಸಿದರೆ ಅದು ಅವರಿಗೆ ಸುಳ್ಳು ಸಮಾಧಾನ ಹೇಳುತ್ತದೆ. ತಪ್ಪು ಆ್ಯಪಿನದಲ್ಲ, ಅದು ಅಮೆರಿಕದವರಿಗಾಗಿ ಮಾಡಿದ್ದು. ಆದರೆ ಬಳಸುವವರು ನಾವಾದ್ದರಿಂದ ಎಚ್ಚರಿಕೆ ನಮ್ಮದು. ಯಾವ ಪ್ರಮಾಣದ ಕುಡಿತವೂ ಆರೋಗ್ಯಕ್ಕೆ ಸುರಕ್ಷಿತವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರ ಜನವರಿಯಲ್ಲಿ ಹೇಳಿರುವುದರಿಂದ ಗೆರೆಯ ಒಳಗೆ ಎಂಬ ಮಾತಿಗೂ ಅಷ್ಟು ಬೆಲೆ ಕೊಡಬೇಕಾಗಿಲ್ಲ.

ಎರಡನೆಯದು ಪ್ರಚೋದಕಗಳ ವಿಷಯ. ಆ್ಯಪಿನ ಬರವಣಿಗೆಯೆಲ್ಲ ವಿದೇಶದ ಯುದ್ಧಭೂಮಿಯಿಂದ ಮರಳಿದ ಸೈನಿಕನನ್ನು ಮನಸ್ಸಿನಲ್ಲಿಟ್ಟುಕೊಂಡದ್ದು. ನಮ್ಮದು ತೆಂಗಿನ ಸೀಮೆ. ಭಾವನವರನ್ನು ಎಲ್ಲಕ್ಕಿಂತ ಹೆಚ್ಚು ಕಂಗೆಡಿಸುವುದು ರಾತ್ರಿಯ ನಿಶ್ಶಬ್ದದಲ್ಲಿ ಒಣಗಿದ ತೆಂಗಿನಕಾಯಿ ನೆಲಕ್ಕೆ ಬೀಳುವ ಸದ್ದು ಎಂಬುದು ನಮಗೆ ಗೊತ್ತಾದದ್ದೇ ಈ ಪಟ್ಟಿ ಮಾಡಲು ಕುಳಿತಾಗ. ತೋಟದಲ್ಲಿ ಹುಲ್ಲು ಬೆಳೆದ ಕಡೆ ಅವರು ಕಾಲಿಡುವುದಿಲ್ಲ, ಬದುವಿನ ಮೇಲೆ ಸವೆದ ಜಾಡಿನಲ್ಲೇ ನಡೆಯುತ್ತಾರೆ. ಇದನ್ನು ನಾವೆಲ್ಲ ಸೋಮಾರಿತನವೆಂದು ಆಡಿಕೊಂಡಿದ್ದೆವು. ದೀಪಾವಳಿಯ ಮೂರು ದಿನ, ಗಣಪತಿ ಬಿಡುವ ದಿನದ ಪಟಾಕಿ, ಸೇನಾ ಕ್ಯಾಂಟೀನಿಗೆ ಹೋಗಿ ತಿಂಗಳ ಮದ್ಯದ ಕೋಟಾ ತರುವ ದಿನ ಹಳೆಯ ಜೊತೆಗಾರರೊಡನೆ ಆಡುವ ಮಾತು, ಇವೆಲ್ಲ ಪಟ್ಟಿಗೆ ಸೇರಿದವು. ಕೊನೆಯದು ವಿಚಿತ್ರ: ಅವರನ್ನು ನಿಜವಾಗಿ ಅರ್ಥಮಾಡಿಕೊಳ್ಳುವವರು ಆ ಜೊತೆಗಾರರೇ, ಅವರೊಡನೆ ಕುಳಿತ ಸಂಜೆಯೇ ಕ್ವಾರ್ಟರು ಹಾಫ್ ಆಗುತ್ತಿತ್ತು. ಅಂಥ ಸಂಜೆಗೆ ಏನು ಮಾಡಬೇಕೆಂದು ಮೊದಲೇ ಯೋಚಿಸಿ ಬರೆದಿಡಲು ಆ್ಯಪ್ ಹೇಳುತ್ತದೆ. ನಾವು ಬರೆದದ್ದು: ಕೋಟಾ ತರಲು ಅಕ್ಕನೂ ಜೊತೆಗೆ ಹೋಗುವುದು, ಊಟದ ಹೊತ್ತಿಗೆ ಮನೆಗೆ ಮರಳುವುದು. ನಾಲ್ಕು ತಿಂಗಳಲ್ಲಿ ಎರಡು ಸಲ ನಡೆಯಿತು, ಎರಡು ಸಲ ನಡೆಯಲಿಲ್ಲ.

ಈ ಆ್ಯಪಿನಿಂದ ನಮಗೆ ದೊರೆತ ದೊಡ್ಡ ಉಪಕಾರವೆಂದರೆ ಕುಡಿತದ ಲೆಕ್ಕದ ಪಕ್ಕದಲ್ಲೇ ನಿದ್ರೆಯ ಲೆಕ್ಕವನ್ನೂ ಇಡುವ ಅಭ್ಯಾಸ. ಭಾವನವರಿಗೆ ಇಂಗ್ಲಿಷ್ ಓದುವುದು ಕಷ್ಟ. ಸೇನೆಯಲ್ಲಿ ಕಲಿತ ಹಿಂದಿ ಚೆನ್ನಾಗಿದೆ, ಆದರೆ ಆ್ಯಪಿನಲ್ಲಿ ಹಿಂದಿಯೂ ಇಲ್ಲ, ಕನ್ನಡವೂ ಇಲ್ಲ. ಅದಕ್ಕೆ ಅಕ್ಕ ಮಗಳ ಹಳೆಯ ನೋಟ್‌ಬುಕ್ಕಿನಲ್ಲಿ ನಾಲ್ಕು ಗೀಟು ಎಳೆದಳು: ತಾರೀಖು, ಎಷ್ಟು ಕುಡಿದದ್ದು, ಎಷ್ಟು ಗಂಟೆಗೆ ಎಚ್ಚರ, ಏನಾಗಿತ್ತು. ಬೆಳಿಗ್ಗೆ ಅದರಲ್ಲಿ ಬರೆದದ್ದನ್ನು ಸಂಜೆ ನಾನು ಆ್ಯಪಿಗೆ ಏರಿಸುತ್ತಿದ್ದೆ. ಐದನೆಯ ವಾರದ ಹೊತ್ತಿಗೆ ಕ್ವಾರ್ಟರಿನ ರಾತ್ರಿಗಳೂ ಮೂರು ಗಂಟೆಯ ಎಚ್ಚರವೂ ಒಂದೇ ಸಾಲಿನಲ್ಲಿ ನಿಂತದ್ದು ಅವರಿಗೇ ಕಂಡಿತು. ಕನಸು ಬರುತ್ತದೆಂದು ಕುಡಿಯುತ್ತೇನೆ ಎಂದು ಹನ್ನೆರಡು ವರ್ಷ ಹೇಳಿದವರು, ನೋಟ್‌ಬುಕ್ ಹಿಡಿದುಕೊಂಡು ಬಹಳ ಹೊತ್ತು ಸುಮ್ಮನೆ ಕುಳಿತಿದ್ದರು. “ಸಾರಾಯಿ ಕನಸನ್ನ ತಡೀತಿರಲಿಲ್ಲ, ಮುಂದಕ್ಕೆ ಹಾಕ್ತಿತ್ತು ಅನ್ನು” ಎಂದರು. ನಾನು, ವೈದ್ಯರು, ಅಕ್ಕ ಹೇಳಿದ್ದರೆ ಒಪ್ಪುತ್ತಿರಲಿಲ್ಲ. ಅವರ ಕೈಬರಹವೇ ಹೇಳಿದ್ದರಿಂದ ಒಪ್ಪಿದರು.

ಇದಕ್ಕೂ ಮೊದಲಿನ ಎರಡು ವಾರಗಳು ಬಹಳ ಕೆಟ್ಟದಾಗಿದ್ದವು. ಪ್ರಮಾಣ ಇಳಿದಂತೆ ಕನಸುಗಳು ಹೆಚ್ಚಾದವು, ಒಂದು ರಾತ್ರಿ ಅಕ್ಕನ ಕೈ ತಿರುಚಿ ಎದ್ದು ನಿಂತಿದ್ದರು. ಕನಸಿನ ನಿದ್ರೆ ಬಾಕಿ ತೀರಿಸಿಕೊಳ್ಳುವ ಈ ಅವಧಿ ಬಂದೇ ಬರುತ್ತದೆ, ಕಳೆಯುತ್ತದೆ ಎಂದು ವೈದ್ಯರು ಮೊದಲೇ ಎಚ್ಚರಿಸದಿದ್ದರೆ ಅಲ್ಲಿಗೇ ಎಲ್ಲವೂ ಮುಗಿಯುತ್ತಿತ್ತು. ಬರಿಯ ಆ್ಯಪನ್ನು ನಂಬಿ ಹೊರಟವರು ಬಹುಶಃ ಇದೇ ತಿರುವಿನಲ್ಲಿ ಹಿಂದಕ್ಕೆ ಮರಳುತ್ತಾರೆ.

ಇದೇ ಇಲಾಖೆಯವರು 2011ರಲ್ಲಿ ಬಿಡುಗಡೆ ಮಾಡಿದ ‘ಪಿಟಿಎಸ್‌ಡಿ ಕೋಚ್’ ಎಂಬ ಇನ್ನೊಂದು ಉಚಿತ ಆ್ಯಪನ್ನೂ ಜೊತೆಗೆ ಇಟ್ಟುಕೊಂಡಿದ್ದೆವು. ಅದರಲ್ಲಿ ಸಂಕಟ ಎಷ್ಟಿದೆಯೆಂದು ಸೊನ್ನೆಯಿಂದ ಹತ್ತರವರೆಗಿನ ಉಷ್ಣಮಾಪಕದಲ್ಲಿ ಗುರುತು ಹಾಕಿ, ಉಸಿರಾಟದ ಅಥವಾ ಸುತ್ತಲಿನ ವಸ್ತುಗಳಿಗೆ ಗಮನ ಕಟ್ಟುವ ಅಭ್ಯಾಸವೊಂದನ್ನು ಮಾಡಿ, ಮತ್ತೆ ಗುರುತು ಹಾಕಬಹುದು. ಮೂರು ಗಂಟೆಯ ಎಚ್ಚರಕ್ಕೆ ವೆಟ್‌ಚೇಂಜಿಗಿಂತ ಇದೇ ಹೆಚ್ಚು ಒದಗಿತು, ಏಕೆಂದರೆ ಇದರಲ್ಲಿ ಓದುವುದು ಕಡಿಮೆ. ನಮ್ಮದೇ ಚಿತ್ರ, ಹಾಡುಗಳನ್ನು ಸೇರಿಸಿಕೊಳ್ಳಲೂ ಅವಕಾಶವಿದೆ. ಭಾವ ಮಗಳ ಫೋಟೊ ಮತ್ತು ಒಂದು ದಾಸರ ಪದ ಹಾಕಿಸಿಕೊಂಡರು. ಆಘಾತದ ಲಕ್ಷಣಗಳನ್ನು ಅಳೆಯುವ ಇಪ್ಪತ್ತು ಪ್ರಶ್ನೆಗಳ, ಎಂಬತ್ತು ಅಂಕಗಳ ಪಟ್ಟಿಯೂ ಅದರಲ್ಲಿದೆ. ಸಾಮಾನ್ಯವಾಗಿ 31ರಿಂದ 33ರ ಮೇಲೆ ಬಂದರೆ ವೈದ್ಯರ ತಪಾಸಣೆ ಅಗತ್ಯವೆಂದು ಎಣಿಸುತ್ತಾರೆ. ಭಾವನವರಿಗೆ ಮೊದಲು 54 ಬಂದಿತ್ತು, ನಾಲ್ಕನೆಯ ತಿಂಗಳ ಕೊನೆಗೆ 39. ಕುಡಿತ ದಿನಕ್ಕೊಂದು ಕ್ವಾರ್ಟರಿನಿಂದ ವಾರಕ್ಕೆ ಮೂರು ಅಥವಾ ನಾಲ್ಕು ದಿನ ನೈಂಟಿಗೆ ಇಳಿದಿದೆ. ದೀಪಾವಳಿಯ ವಾರ ಇದಕ್ಕೆ ಹೊರತು. ಆ ಲೆಕ್ಕವನ್ನೂ ಅವರು ಮುಚ್ಚಿಡದೆ ಬರೆಸಿದ್ದಾರೆ.

ಕೊರತೆಗಳಲ್ಲಿ ದೊಡ್ಡದು, ತುರ್ತು ನೆರವಿಗೆ ಇವು ಕೊಡುವ ದೂರವಾಣಿ ಸಂಖ್ಯೆಗಳು ಅಮೆರಿಕದವು. ನಮ್ಮ ರಾತ್ರಿಗೆ ಅವು ಉಪಯೋಗಕ್ಕಿಲ್ಲ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿಯ 14416ನ್ನು ನಾವು ಫೋನಿನಲ್ಲಿ ಸೇರಿಸಿಕೊಂಡೆವು. ಅದು ದಿನದ ಇಪ್ಪತ್ನಾಲ್ಕು ಗಂಟೆಯೂ ಸಿಗುತ್ತದೆ, ಕನ್ನಡದಲ್ಲೇ ಮಾತನಾಡಬಹುದು, ಹಣವಿಲ್ಲ. ಸೇನೆಯವರಿಗಾಗಿ ಅದರದೇ ಪ್ರತ್ಯೇಕ ಘಟಕವೊಂದು 2023ರ ಡಿಸೆಂಬರಿನಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಆರಂಭವಾಯಿತು. ಮತ್ತೊಂದು ಕೊರತೆ ಮನೆಯವರದು. ಆ್ಯಪ್ ಮಾತನಾಡುವುದು ಫೋನು ಹಿಡಿದ ಒಬ್ಬನೊಡನೆ. ನಮ್ಮ ಮನೆಗಳಲ್ಲಿ ಕುಡಿತದ ಲೆಕ್ಕ ಇಡುವವಳು, ಬಾಟಲಿ ಬಚ್ಚಿಡುವವಳು, ರಾತ್ರಿ ಎದ್ದು ಪಕ್ಕದಲ್ಲಿ ಕೂರುವವಳು ಹೆಂಡತಿ. ಅವಳು ಎಲ್ಲಿ ನಿಲ್ಲಬೇಕು, ಏನು ಮಾಡಬಾರದು ಎಂಬುದನ್ನು ನಾವು ಎಡವಿ ಎಡವಿಯೇ ಕಲಿಯಬೇಕಾಯಿತು.

ಇಂಗ್ಲಿಷ್ ಓದಬಲ್ಲ, ಕುಡಿತ ಇನ್ನೂ ಮೈಗೆ ಹತ್ತದ, ಬೆಳಿಗ್ಗೆ ಕೈ ನಡುಗದ, ತನ್ನ ಕುಡಿತಕ್ಕೂ ಹಳೆಯ ಘಟನೆಯೊಂದಕ್ಕೂ ಸಂಬಂಧವಿರಬಹುದೆಂಬ ಅನುಮಾನ ಮೂಡಿರುವವರಿಗೆ ವೆಟ್‌ಚೇಂಜ್ ನೇರವಾಗಿಯೇ ನೆರವಾಗಬಲ್ಲದು. ಅಂಥವರ ಪಾಲಿಗೆ ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಬೆಳಿಗ್ಗೆ ಎದ್ದೊಡನೆ ಕುಡಿಯಬೇಕಾದವರು, ಹಿಂದೆ ಫಿಟ್ಸ್ ಬಂದವರು, ಸಾಯುವ ಯೋಚನೆ ಬರುತ್ತಿರುವವರು ಆ್ಯಪನ್ನು ಬದಿಗಿಟ್ಟು ಮೊದಲು ಆಸ್ಪತ್ರೆಗೆ ಹೋಗಬೇಕು. ನಮ್ಮಂತೆ ಇನ್ನೊಬ್ಬರು ಓದಿ ಹೇಳಬೇಕಾದ ಮನೆಗಳಲ್ಲಿ ಅದು ಮೂರು ಅಂಕದ ಸಾಧನ, ಉಳಿದೆರಡನ್ನು ನೋಟ್‌ಬುಕ್ಕಿಗೆ ಕೊಡಬೇಕಾಗುತ್ತದೆ. ಹೋದ ತಿಂಗಳಿನಿಂದ ನಾನು ಆ್ಯಪಿಗೆ ಏರಿಸುವುದನ್ನು ನಿಲ್ಲಿಸಿದ್ದೇನೆ. ಅಕ್ಕ ಗೀಟು ಎಳೆದ ನೋಟ್‌ಬುಕ್ ಮುಗಿದು, ಈಗ ಎರಡನೆಯದರಲ್ಲಿ ಭಾವನವರೇ ಬರೆಯುತ್ತಿದ್ದಾರೆ. ಎಚ್ಚರವಾದ ಗಂಟೆಯ ಕಾಲಂನಲ್ಲಿ ಸೇನೆಯ ರೂಢಿಯಂತೆ 0310, 0445 ಎಂದು ನಾಲ್ಕು ಅಂಕಿ ಹಾಕುತ್ತಾರೆ. ಮೊನ್ನೆಯ ಭಾನುವಾರ 0550 ಎಂದಿತ್ತು.